ನಡುವಿನ ಮಣೆ

ಪುತ್ತೂರಿನ ದರ್ಬೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಊಟಕ್ಕೆ ಹಾಕುತ್ತಿದ್ದ ಮೂರು ಮಣೆಗಳಲ್ಲಿ ನಡುವಿನದು ನನ್ನದು. ಗೋಡೆಯ ಬದಿಗೆ ದೊಡ್ಡಪ್ಪ, ಬಾಗಿಲ ಬದಿಗೆ ಅಪ್ಪ, ಮಧ್ಯೆ ನಾನು. ಈ ಜಾಗವನ್ನು ಯಾರೂ ಕೂತು ನಿಶ್ಚಯಿಸಿದ್ದಲ್ಲ. ನನಗೆ ಮಾತು ಸ್ಪಷ್ಟವಾಗಿ ಬರತೊಡಗಿದ ಮೇಲೆ ಅದು ತಾನಾಗಿ ನನಗೆ ಬಂತು. ಅಪ್ಪ ಮತ್ತು ದೊಡ್ಡಪ್ಪ ಒಂದೇ ಸೂರಿನಡಿ ಇದ್ದರು, ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು, ಒಂದೇ ಪೇಪರನ್ನು ಒಬ್ಬರಾದ ಮೇಲೆ ಒಬ್ಬರು ಓದುತ್ತಿದ್ದರು. ಪರಸ್ಪರ ಮಾತು ಮಾತ್ರ ಇರಲಿಲ್ಲ. ಹೇಳದೆ ಆಗುವುದೇ ಇಲ್ಲ ಎಂಬಂಥದ್ದು ಏನಾದರೂ ಇದ್ದರೆ ಅದು ನನ್ನ ಮೂಲಕ ಹೋಗಬೇಕಿತ್ತು.

“ಚೈತ್ರಾ, ದೊಡ್ಡಪ್ಪನ ಹತ್ರ ಹೇಳು, ಪಂಪಿನ ಸ್ವಿಚ್ಚು ಒದ್ದೆ ಕೈಯಲ್ಲಿ ಮುಟ್ಟುದು ಬೇಡ ಅಂತ.”

“ದೊಡ್ಡಪ್ಪ, ಸ್ವಿಚ್ಚು ಒದ್ದೆ ಕೈಯಲ್ಲಿ ಮುಟ್ಟುದು ಬೇಡಂತೆ.”

“ಕೇಳಿತು ಅಂತ ಹೇಳು. ಮೊದಲು ಆ ಸ್ವಿಚ್ಚಿಗೆ ಒಂದು ಮುಚ್ಚಳ ಹಾಕ್ಲಿಕ್ಕೆ ಹೇಳು. ಊರವರ ಪಂಪೆಲ್ಲ ರಿಪೇರಿ ಮಾಡುವವನ ಮನೆಯ ಸ್ವಿಚ್ಚು ನೋಡಿದ್ರೆ ಜನ ನಗ್ತಾರೆ.”

ಇದನ್ನು ನಾನು ಇನ್ನೊಂದು ಬದಿಗೆ ತಿರುಗಿ ಹೇಳಬೇಕು. ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಬೇಕು. ‘ಜನ ನಗ್ತಾರೆ’ ಎಂಬುದನ್ನು ಒಮ್ಮೆ ಬಿಟ್ಟು ಹೇಳಿದಾಗ ದೊಡ್ಡಪ್ಪ, “ಪೂರ್ತಿ ಹೇಳು ಮಗಾ, ಅರ್ಧ ಹೇಳಿದ್ರೆ ಅದು ನನ್ನ ಮಾತಲ್ಲ” ಎಂದು ತಿದ್ದಿದ್ದರು. ಅವರು ಕುಂಬ್ರದ ಶಾಲೆಯಲ್ಲಿ ಮಾಸ್ಟ್ರು, ತಿದ್ದುವುದು ಅಭ್ಯಾಸ. ನಡೆದದ್ದನ್ನು ನಡೆದ ಹಾಗೆ, ದಿನಾಂಕ ಹಾಕಿ ಬರೆದಿಡುವ ನನ್ನ ಗುಣ ಶುರುವಾದದ್ದು ಆ ಮಣೆಯ ಮೇಲೆ ಎಂದು ಈಗ ಅನಿಸುತ್ತದೆ. ಶಾಲೆಯ ಡೈರಿಯ ಹಿಂದಿನ ಪುಟಗಳಲ್ಲಿ ಎರಡು ಕಂಬ ಎಳೆದು, ಅಪ್ಪನಿಂದ ದೊಡ್ಡಪ್ಪನಿಗೆ ಹೋದ ಮಾತಿಗೊಂದು ಗೀಟು, ದೊಡ್ಡಪ್ಪನಿಂದ ಅಪ್ಪನಿಗೆ ಬಂದದ್ದಕ್ಕೊಂದು ಗೀಟು ಹಾಕುತ್ತಿದ್ದೆ. “ನಿನ್ನ ಅಪ್ಪನಿಗೆ ಅಣ್ಣ ಬೇಡವೇ ಬೇಡ ಅಂತ ಕಾಣ್ತದೆ” ಎಂದು ಅಮ್ಮ ಒಂದು ದಿನ ಬೇಸರದಿಂದ ಹೇಳಿದ್ದಳು. ತಿಂಗಳ ಕೊನೆಗೆ ಕೂಡಿಸಿದಾಗ ಪ್ರತಿ ಸಲವೂ ಅಪ್ಪನ ಗೀಟುಗಳೇ ಹೆಚ್ಚು. ಬೇಡದವರು ಇಷ್ಟೆಲ್ಲ ಹೇಳಿ ಕಳಿಸುತ್ತಾರೆಯೇ ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನನಗಿದ್ದ ಒಂದೇ ತಕರಾರು ದೋಸೆಯದ್ದು. ದೊಡ್ಡಮ್ಮ ಮಾಡುವ ನೀರುದೋಸೆಯನ್ನು ಕಾವಲಿಯಿಂದ ತೆಗೆದ ಹಾಗೆ ತಿನ್ನಬೇಕು. ತಣಿದರೆ ಅದು ಒಂದಕ್ಕೊಂದು ಅಂಟಿ, ತೊಳೆದ ಬಟ್ಟೆ ಹಿಂಡಿ ಇಟ್ಟ ಹಾಗೆ ಆಗುತ್ತದೆ. ಆದರೆ ಅವರಿಬ್ಬರಿಗೆ ಮಾತು ನೆನಪಾಗುವುದು ಬೆಳಗ್ಗಿನ ತಿಂಡಿಯ ಹೊತ್ತಿಗೇ. ನಾನು ಎಡಕ್ಕೂ ಬಲಕ್ಕೂ ತಿರುಗಿ ಮುಗಿಸುವಾಗ ನನ್ನ ತಟ್ಟೆಯ ದೋಸೆ ತಣ್ಣಗಾಗಿರುತ್ತಿತ್ತು. “ಪೋಸ್ಟಮ್ಯಾನಿಗೆ ಇನ್ನೊಂದು ಬಿಸಿ ಹಾಕು” ಎಂದು ಅಮ್ಮ ಒಲೆಯ ಹತ್ತಿರದಿಂದ ನಗುತ್ತಿದ್ದಳು. ದೊಡ್ಡಮ್ಮ ಹಾಕುತ್ತಿದ್ದಳು. ಅದೂ ತಣಿಯುತ್ತಿತ್ತು. ಅಮ್ಮ, ದೊಡ್ಡಮ್ಮ ಇಬ್ಬರೂ ಅಕ್ಕತಂಗಿಯರ ಹಾಗೆ ಇದ್ದರು. ಗಂಡಂದಿರ ಮೌನವನ್ನು ಸೊಂಟನೋವಿನ ಹಾಗೆ ಒಂದು ಹಳೆಯ ಕಾಯಿಲೆ ಎಂದು ಒಪ್ಪಿಕೊಂಡಿದ್ದರು.

ಜಗಳ ಆದದ್ದು ಹಾರ್ಮೋನಿಯಮ್ಮಿನ ಮೇಲೆ. ಅದು ಅಜ್ಜನದ್ದು. ಅಜ್ಜ ಇರುವಾಗ ಪ್ರತಿ ಶುಕ್ರವಾರ ಸಂಜೆ ಮನೆಯ ಚಾವಡಿಯಲ್ಲಿ ಭಜನೆ ಇತ್ತಂತೆ. ಅಜ್ಜ ನುಡಿಸುವುದು, ಅಣ್ಣತಮ್ಮ ಒಂದೊಂದು ಸಾಲು ಹಂಚಿಕೊಂಡು ಹಾಡುವುದು. ರಸ್ತೆಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಅಜ್ಜ ಹೋದ ಮೇಲೆ ದೊಡ್ಡಪ್ಪ ಯಾರೋ ಪರಿಚಯದವರು ಕೇಳಿದರೆಂದು ಅದನ್ನು ಒಂದು ಕಾರ್ಯಕ್ರಮಕ್ಕೆ ಕೊಟ್ಟರು, ಅಪ್ಪನಲ್ಲಿ ಕೇಳಲಿಲ್ಲ. ಹಿಂದೆ ಬರುವಾಗ ಅದರ ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿತ್ತು. “ಅಪ್ಪ ಇದ್ದಿದ್ರೆ ಕೊಡ್ತಿದ್ರಾ?” ಎಂದು ನನ್ನ ಅಪ್ಪ ಕೇಳಿದರು. “ಅಪ್ಪ ಇದ್ದಿದ್ರೆ ನೀನು ಹೀಗೆ ನನ್ನ ಮುಖಕ್ಕೆ ಕೇಳ್ತಿದ್ದಿಯಾ?” ಎಂದು ದೊಡ್ಡಪ್ಪ ಕೇಳಿದರು. ಅಣ್ಣತಮ್ಮನ ಮಾತು ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಶುಕ್ರವಾರದ ಭಜನೆ ನಿಂತಿತು. ಆಗ ನಾನು ತೀರಾ ಸಣ್ಣವಳು. ಅವರಿಬ್ಬರೂ ಒಟ್ಟಿಗೆ ಹಾಡಿದ್ದನ್ನು ಕೇಳಿದ ನೆನಪೇ ನನಗಿರಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡಪ್ಪನಿಗೆ ಸುಳ್ಯದ ಬದಿಯ ಶಾಲೆಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ. ದೊಡ್ಡಪ್ಪ ಮಾತ್ರ ಅಲ್ಲಿಯೇ ಬಾಡಿಗೆಮನೆ ನೋಡಿ ಬಂದರು. ಆ ಸುದ್ದಿಯೂ ನನ್ನ ಮೂಲಕವೇ ಹೋಯಿತು. ಅಪ್ಪ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, “ಆಯ್ತು ಅಂತ ಹೇಳು” ಎಂದರು. ದೊಡ್ಡಪ್ಪ, ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮ ಆ ರಾತ್ರಿ ನನ್ನ ಜಡೆ ಹೆಣೆಯುತ್ತ ಒಂದೇ ಕಡೆ ಬಹಳ ಹೊತ್ತು ಬಾಚಿದಳು. ನನಗೆ ಒಂದೇ ಲೆಕ್ಕ ತಲೆಯಲ್ಲಿ ಓಡುತ್ತಿತ್ತು: ಒಂದೇ ಮನೆಯಲ್ಲಿದ್ದು, ನಡುವೆ ನಾನಿದ್ದು ಇಷ್ಟು ಮಾತು. ದೊಡ್ಡಪ್ಪ ಸುಳ್ಯದಲ್ಲಿ, ನಾವು ಪುತ್ತೂರಿನಲ್ಲಿ ಎಂದಾದರೆ ಆ ಕಂಬಗಳು ಖಾಲಿಯೇ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರೂ ಇದ್ದರು, ಉಳಿದವರ ಹುಟ್ಟುಹಬ್ಬಕ್ಕೆಲ್ಲ ಹೂ ಕಳಿಸುತ್ತಿದ್ದರು, ಒಬ್ಬರು ಹಾಕಿದ್ದಕ್ಕೆ ಇನ್ನೊಬ್ಬರು ಒಂದು ಹೆಬ್ಬೆರಳನ್ನೂ ಎತ್ತಿದವರಲ್ಲ.

ಅದೇ ಹೊತ್ತಿಗೆ ದರ್ಬೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಮಾಧವಣ್ಣ ಒಂದು ಹಾಡಿನ ನಾಟಕ ಬರೆದರು. ಅವರದೊಂದು ಹವ್ಯಾಸಿ ತಂಡ. ಅಂಗಡಿಯವರು, ಕಂಡಕ್ಟರು, ಕಾಲೇಜಿನ ಮಕ್ಕಳು ಎಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುವುದು. ಈ ಸಲದ ಕತೆ ಹೊಳೆಯ ಎರಡು ದಡದಲ್ಲಿ ದೋಣಿ ನಡೆಸುವ ಅಣ್ಣತಮ್ಮನದ್ದು. ಜಗಳ ಮಾಡಿ ಆಚೆ ಈಚೆ ಆದವರು, ನೆರೆ ಬಂದ ದಿನ ಹಾಡಿನಲ್ಲೇ ಒಬ್ಬರನ್ನೊಬ್ಬರು ಕರೆಯುತ್ತಾರೆ. ಅಣ್ಣನ ಪಾತ್ರಕ್ಕೆ ದೊಡ್ಡಪ್ಪ, ತಮ್ಮನ ಪಾತ್ರಕ್ಕೆ ಅಪ್ಪ. ಮಾಧವಣ್ಣ ಇಬ್ಬರಲ್ಲೂ ಬೇರೆಬೇರೆಯಾಗಿ ಬಂದು ಕೇಳಿದ್ದರು. ಇನ್ನೊಬ್ಬರು ಯಾರು ಎಂದರೆ “ನೋಡುವ, ಯಾರಾದ್ರೂ ಸಿಗ್ತಾರೆ” ಎಂದಿದ್ದರು. ಗೊತ್ತಾಗುವಾಗ ಹೆಸರು ನೋಟೀಸಿನಲ್ಲಿ ಅಚ್ಚಾಗಿತ್ತು. ಮೊದಲು ಬಿಟ್ಟವರು ಸೋತ ಹಾಗೆ ಎಂದು ಇಬ್ಬರಿಗೂ ಅನಿಸಿರಬೇಕು, ಇಬ್ಬರೂ ಬಿಡಲಿಲ್ಲ.

“ದೊಡ್ಡಪ್ಪನ ಹತ್ರ ಕೇಳು, ಅಭ್ಯಾಸ ಯಾವಾಗ ಮಾಡ್ತಾರೆ ಅಂತ.”

“ಸಂಜೆ ಐದಕ್ಕೆ ಚಾವಡಿಯಲ್ಲಿ ಅಂತ ಹೇಳು.”

“ಹಾಗಾದ್ರೆ ನಾನು ಏಳಕ್ಕೆ ಅಂಗಡಿಯಲ್ಲಿ.”

ಹೀಗೆ ಅಭ್ಯಾಸ ನಡೆಯಿತು. ದೊಡ್ಡಪ್ಪ ಚಾವಡಿಯಲ್ಲಿ ತಮ್ಮ ಶ್ರುತಿಪೆಟ್ಟಿಗೆ ಇಟ್ಟು ಕೂರುವರು. ನಾನು ಎದುರು ಕೂತು ತಮ್ಮನ ಸಾಲುಗಳನ್ನು ಓದಿ ಹೇಳಬೇಕು. ಆಮೇಲೆ ಅಪ್ಪನ ಅಂಗಡಿಗೆ ಹೋಗಿ, ಬಿಚ್ಚಿಟ್ಟ ಮೋಟರುಗಳ ನಡುವೆ ಸ್ಟೂಲಿನಲ್ಲಿ ಕೂತು ಅಣ್ಣನ ಸಾಲುಗಳನ್ನು ಓದಬೇಕು. ಅಪ್ಪ ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು ಹಾಡುತ್ತಿದ್ದರು. ನನಗೆ ಹಾಡು ಬರುವುದಿಲ್ಲ. ಮಾತನ್ನು ಒಂದಕ್ಷರ ಬಿಡದೆ ಆಚೆಯಿಂದ ಈಚೆಗೆ ತರುತ್ತಿದ್ದೆ, ಅಷ್ಟೆ. ತಂಡದ ಕೊನೆಯ ಅಭ್ಯಾಸಗಳಿಗೂ ಒಬ್ಬರು ಬಂದ ದಿನ ಇನ್ನೊಬ್ಬರಿಗೆ ಏನೋ ಕೆಲಸ. “ಮಾರಾಯ್ರೆ, ಒಮ್ಮೆಯಾದ್ರೂ ಎದುರುಬದುರು ನಿಲ್ಲಿ” ಎಂದು ಮಾಧವಣ್ಣ ಕೈಮುಗಿದರು. “ಸಾಲು ಬಾಯಿಪಾಠ ಉಂಟಲ್ಲ” ಎಂದು ಇಬ್ಬರೂ ಬೇರೆಬೇರೆ ದಿನ ಒಂದೇ ಉತ್ತರ ಕೊಟ್ಟರು.

ನಾಟಕ ಕಡಬದ ಒಂದು ಸಭಾಭವನದಲ್ಲಿ, ಆದಿತ್ಯವಾರ ಸಂಜೆ ಆರಕ್ಕೆ. ನನ್ನ ಕ್ಲಾಸಿನ ಶಮೀಮಾ ಮತ್ತು ದೀಕ್ಷಾ ನನ್ನೊಟ್ಟಿಗೆ ಹೊರಟರು. ಶಮೀಮಾ ನಮ್ಮ ಹಿಂದಿನ ಮನೆಯವಳು, ಬಾಯಿಗೆ ಬೀಗ ಇಲ್ಲದವಳು. ದೀಕ್ಷಾ ಸುಳ್ಯದ ಕಡೆಯವಳು, ಪುತ್ತೂರಿನ ಮಾವನ ಮನೆಯಲ್ಲಿದ್ದು ಓದುತ್ತಿದ್ದಳು, ಎಲ್ಲದಕ್ಕೂ ಮೊದಲು ಯೋಚಿಸುವವಳು. ವ್ಯಾನಿನಲ್ಲಿ ನಾಟಕದ ಸಾಮಾನಿನೊಟ್ಟಿಗೆ ನಾವು ಮೂವರು. ಮಾಧವಣ್ಣ ಬೇಕಾದದ್ದನ್ನೆಲ್ಲ ನಮ್ಮ ಮನೆಯಿಂದಲೇ ಎತ್ತಿದ್ದರು: ದೊಡ್ಡಮ್ಮನ ನೀಲಿ ಸೀರೆ ಹೊಳೆಗೆ, ಜಗಲಿಯ ಲಾಟೀನು ದಡದ ದೀಪಕ್ಕೆ, ಊಟದ ಮಣೆಗಳು ದೋಣಿಯಲ್ಲಿ ಕೂರಲಿಕ್ಕೆ. ಅಪ್ಪ ಡ್ರೈವರಿನ ಪಕ್ಕ ಕೂತಿದ್ದರು. ದೊಡ್ಡಪ್ಪ, ದೊಡ್ಡಮ್ಮ, ಅಮ್ಮ ಹಿಂದಿನಿಂದ ಇನ್ನೊಂದು ಜೀಪಿನಲ್ಲಿ.

“ಇವತ್ತು ಮಾತಾಡ್ಲೇಬೇಕಲ್ಲ ನಿನ್ನ ಅಪ್ಪ, ದೊಡ್ಡಪ್ಪ?” ಎಂದು ಶಮೀಮಾ ನನ್ನ ಕಿವಿಯಲ್ಲಿ ಕೇಳಿದಳು.

“ಅದು ಪಾತ್ರ ಮಾತಾಡುದು” ಎಂದೆ.

“ಬಾಯಿ ಅವರದ್ದೇ ಅಲ್ವಾ ಮಾರಾಯ್ತಿ?”

“ಬರುವ ವಾರ ಅವರು ಸುಳ್ಯಕ್ಕೆ ಹೋಗುದು ಖಂಡಿತವಾ?” ಎಂದು ದೀಕ್ಷಾ ಕೇಳಿದಳು. ಖಂಡಿತ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಕೋಡಿಂಬಾಳ ದಾಟುವವರೆಗೆ ಬಿಡಲಿಲ್ಲ.

ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿ, ಗೋಡೆಗೆ ಒರಗಿಯೂ ಜನ ನಿಂತಿದ್ದರು. ನಾವು ಮೂವರು ನಾಲ್ಕನೇ ಸಾಲಿನಲ್ಲಿ ಕೂತೆವು. ಅಮ್ಮ, ದೊಡ್ಡಮ್ಮ ನಮ್ಮ ಮುಂದಿನ ಸಾಲಿನಲ್ಲಿ. ದೀಪ ಆರಿ ಪರದೆ ಸರಿದಾಗ ನನಗೆ ಮೊದಲು ಕಂಡದ್ದು ನಮ್ಮ ಲಾಟೀನು. ದಿನಾ ಕರೆಂಟು ಹೋದಾಗ ನಾನು ಬೈದುಕೊಂಡು ಮಸಿ ಒರೆಸುತ್ತಿದ್ದ ಲಾಟೀನು. ಅದು ಅಲ್ಲಿ ಒಬ್ಬ ಮನುಷ್ಯನ ಇಡೀ ಬದುಕಿಗೆ ಇರುವ ಒಂದೇ ಬೆಳಕಿನ ಹಾಗೆ ಉರಿಯುತ್ತಿತ್ತು. ಇಬ್ಬರು ಹುಡುಗರು ಎರಡು ತುದಿ ಹಿಡಿದು ಅಲ್ಲಾಡಿಸುತ್ತಿದ್ದ ದೊಡ್ಡಮ್ಮನ ಸೀರೆಯ ಮೇಲೆ ನೀಲಿ ಬೆಳಕು ಬಿದ್ದಿತು. ಅದು ಹರಿಯಿತು. ದೊಡ್ಡಮ್ಮ ಅದನ್ನು ಉಟ್ಟು ಮದುವೆಗೆ ಹೋದದ್ದು, ನಾನು ಅದರ ಸೆರಗಿಗೆ ಮೂಗು ಒರೆಸಿದ್ದು ಯಾವುದೂ ನೆನಪಿಗೆ ಬರಲಿಲ್ಲ. ಕುಮಾರಧಾರಾ ಹೊಳೆ ತುಂಬಿ ಬಂದಾಗ ಸೇತುವೆಯ ಮೇಲೆ ನಿಂತು ನೋಡಿ ಆದ ಭಯವೇ ಪುನಃ ಆಯಿತು. ನಮ್ಮ ಮನೆಯ ಒಳಗೆ ಇಷ್ಟು ದೊಡ್ಡದು ಇತ್ತೇ ಎಂದು ಬೆರಗಿನಿಂದ ಬಾಯಿ ತೆರೆದು ಕೂತೆ.

ನಾಟಕ ಚೆನ್ನಾಗಿ ಹೋಯಿತು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಆಮೇಲೆ ನೆರೆಯ ದೃಶ್ಯ ಬಂತು. ದೊಡ್ಡಪ್ಪ ಬಲದ ದಡದಲ್ಲಿ ನಿಂತು ಮೊದಲ ಹಾಡು ಹಾಡಿದರು. ತಂಡದ ಹಾರ್ಮೋನಿಯಮ್ಮಿನವರು ಅವರ ಶ್ರುತಿಯನ್ನೇ ಹಿಡಿದು ನುಡಿಸಿದರು. ದೊಡ್ಡಪ್ಪನ ಶ್ರುತಿ ಯಾವಾಗಲೂ ಮೇಲಿನದು, ಭವನದ ಮಾಡಿನ ಹೆಂಚಿಗೆ ಹೋಗಿ ತಾಗಿತು. ಹಾಡು ಮುಗಿದು ಹಾರ್ಮೋನಿಯಂ ನಿಂತಿತು. ಮಳೆಗೂ ಗುಡುಗಿಗೂ ಬರೀ ಚೆಂಡೆ. ಅದು ತುಂಬ ಹೊತ್ತು ಬಾರಿಸಿ ಥಟ್ಟನೆ ನಿಂತಾಗ, ಎಡದ ದಡದ ಕತ್ತಲೆಯಿಂದ ಅಪ್ಪನ ಸಾಲು ಬರಬೇಕು. ಬಂತು. ಹಾರ್ಮೋನಿಯಂ ದೊಡ್ಡಪ್ಪನ ಶ್ರುತಿಯಲ್ಲೇ ಜೊತೆಗೂಡಿತು, ಕೂಡಿದ ತಕ್ಷಣ ನನ್ನಂಥವಳ ಹಲ್ಲೂ ಜುಮ್ಮೆಂದಿತು. ಅಪ್ಪ ಬಹಳ ಕೆಳಗಿನ ಶ್ರುತಿಯಲ್ಲಿದ್ದರು. ಅಂಗಡಿಯಲ್ಲಿ ಅಷ್ಟು ದಿನ ಮೊಬೈಲಿನಲ್ಲಿ ಹಾಕಿಕೊಂಡಿದ್ದ ಶ್ರುತಿ ಅದು. ಚಾವಡಿಯಲ್ಲಿ ಒಂದು, ಅಂಗಡಿಯಲ್ಲಿ ಒಂದು. ಮಾತುಗಳನ್ನೆಲ್ಲ ನಾನು ಸರಿಯಾಗಿ ತಂದಿದ್ದೆ, ಶ್ರುತಿ ನನ್ನ ಕೈಯಲ್ಲಿ ಬರುವಂಥದ್ದಾಗಿರಲಿಲ್ಲ.

ಹಾರ್ಮೋನಿಯಮ್ಮಿನವರು ಕೈ ತೆಗೆದರು. ಈಗ ಅಣ್ಣನ ಸಾಲು. ದೊಡ್ಡಪ್ಪ ಒಂದು ಉಸಿರು ತೆಗೆದು ಹಾಡಿದರು, ತಮ್ಮ ಶ್ರುತಿಯಲ್ಲಲ್ಲ, ಕೆಳಗೆ ಇಳಿದು, ಅಪ್ಪ ಇದ್ದಲ್ಲಿಗೆ ಬಂದು. ಆ ಸಾಲು ಅಷ್ಟು ಕೆಳಗೆ ಅವರ ಗಂಟಲಿಗೆ ಹೊಂದುತ್ತಿರಲಿಲ್ಲ, ಅಕ್ಷರಗಳು ಒರಟಾಗಿ ಉರುಳಿದವು. ಆದರೆ ಅಪ್ಪನಿಗೂ ಅಷ್ಟರಲ್ಲಿ ತಪ್ಪು ತಿಳಿದಿತ್ತು. ಅವರ ಮರುಸಾಲು ಬಂದದ್ದು ಎತ್ತರದಲ್ಲಿ, ದೊಡ್ಡಪ್ಪ ಬಿಟ್ಟು ಬಂದ ಜಾಗದಲ್ಲಿ. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಿದ್ದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಪರದೆಯ ಬದಿಯಲ್ಲಿ ಮಾಧವಣ್ಣ ಮಂಡೆಗೆ ಕೈ ಇಟ್ಟುಕೊಂಡದ್ದು ನಮಗೆ ಕಾಣುತ್ತಿತ್ತು. ದೀಕ್ಷಾ ನನ್ನ ಕೈ ಮತ್ತೆ ಹಿಡಿದಳು. ಇನ್ನು ಮುಗಿಯಿತು, ಇದನ್ನೂ ಸೇರಿಸಿ ಹೊತ್ತುಕೊಂಡು ದೊಡ್ಡಪ್ಪ ಸುಳ್ಯಕ್ಕೆ ಹೋಗುತ್ತಾರೆ ಎಂದುಕೊಂಡೆ. ಅಪ್ಪನ ಸ್ವರ ಆ ಎತ್ತರದಲ್ಲಿ ನಿಲ್ಲಲಾರದೆ ನಡುಗುತ್ತ ಜಾರತೊಡಗಿತು, ಅರ್ಧ ದಾರಿಯಲ್ಲಿ ಎಲ್ಲೋ ನಿಂತಿತು.

ಆಗ ದೊಡ್ಡಪ್ಪ ಮಾತಾಡಿದರು. ಹಾಡಲಿಲ್ಲ. ನಾಟಕದ ಪುಸ್ತಕದಲ್ಲಿ ಇಲ್ಲದ ಮಾತು. ನನಗೆ ಆ ಪುಸ್ತಕ ಪೂರ್ತಿ ಬಾಯಿಪಾಠ ಇತ್ತು.

“ನೀನು ಅಲ್ಲೇ ನಿಲ್ಲು ಮಾರಾಯ. ನಾನು ಬರ್ತೇನೆ.”

ಹಾಗೆಂದು ಅವರು ಆ ಅರ್ಧದ ಸ್ವರವನ್ನೇ ಹಿಡಿದು ಮೆಲ್ಲನೆ ಗುನುಗಿದರು. ಅದು ಇಬ್ಬರಲ್ಲಿ ಯಾರದ್ದೂ ಅಲ್ಲದ ಶ್ರುತಿ, ಇಬ್ಬರೂ ಒಂದು ದಿನವೂ ಅಭ್ಯಾಸ ಮಾಡದೇ ಇದ್ದದ್ದು. ಗುನುಗುತ್ತಲೇ ಅವರು ಹೊಳೆಗೆ ಇಳಿದರು. ದೋಣಿ ಬರುವ ಮೊದಲೇ, ದೋಣಿ ಇಲ್ಲದೆ, ದೊಡ್ಡಮ್ಮನ ಸೀರೆಯ ನಡುವಿನಲ್ಲಿ ಕಾಲಿಟ್ಟು ನಡೆದು ಬಂದರು. ತುದಿ ಹಿಡಿದಿದ್ದ ಹುಡುಗರು ಅಲ್ಲಾಡಿಸುವುದನ್ನು ಮರೆತು ನಿಂತರು. ಹೊಳೆಯೇ ನಿಂತ ಹಾಗಾಯಿತು. ಅಪ್ಪ ಆ ಸ್ವರವನ್ನು ಹಿಡಿದರು. ಹಾರ್ಮೋನಿಯಂ ಕೂಡ ತಡಕಾಡಿ ಅಲ್ಲಿಗೇ ಬಂತು. ಇಬ್ಬರೂ ಒಂದೇ ದಡದಲ್ಲಿ ನಿಂತು ಉಳಿದ ಸಾಲುಗಳನ್ನು ಹಾಡಿದರು, ಒಂದು ಇವರದು, ಒಂದು ಅವರದು, ಕೊನೆಗೆ ಎರಡೂ ಸೇರಿ. ಎರಡು ಧ್ವನಿ ಸೇರಿದಾಗ ಅಲ್ಲಿ ಮೂರನೆಯದೊಂದು ಧ್ವನಿ ಕೇಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದು ಯಾರ ಬಾಯಿಂದಲೂ ಬರುತ್ತಿರಲಿಲ್ಲ, ಭವನದ ತುಂಬ ಇತ್ತು. ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಅಮ್ಮನ ಭುಜಕ್ಕೆ ತಲೆ ಒರಗಿಸಿ, “ಮಾವನವರು ಇರುವಾಗ ಹೀಗೆಯೇ ಇತ್ತು” ಎಂದಳು. ರಸ್ತೆಯಲ್ಲಿ ಹೋಗುವವರು ನಮ್ಮ ಗೇಟಿನಲ್ಲಿ ಯಾಕೆ ನಿಲ್ಲುತ್ತಿದ್ದರು ಎಂದು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನಗೆ ಅರ್ಥವಾಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೆಲ್ಲ ನಾಟಕದಲ್ಲಿಯೇ ಇದ್ದದ್ದು ಎಂದು ಅವರು ತಿಳಿದಿದ್ದರು.

“ನಿನ್ನ ದೊಡ್ಡಪ್ಪ ನೀರಿನ ಮೇಲೆ ನಡ್ಕೊಂಡು ಬಂದ್ರಲ್ಲ ಮಾರಾಯ್ತಿ!” ಎಂದು ಶಮೀಮಾ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. “ಅಷ್ಟು ನೆರೆಯಲ್ಲಿ ಪಂಚೆ ಕೂಡ ಒದ್ದೆ ಆಗ್ಲಿಲ್ಲ.”

ಹಿಂದೆ ಬರುವಾಗ ನಾನು ಏನೇನೋ ನಿರೀಕ್ಷಿಸಿದ್ದೆ. ಏನೂ ಆಗಲಿಲ್ಲ. ಬಣ್ಣ ಒರೆಸಿಕೊಂಡು ಅಪ್ಪ ವ್ಯಾನಿನಲ್ಲಿ ಮುಂದೆ ಕೂತರು, ದೊಡ್ಡಪ್ಪ ಜೀಪು ಹತ್ತಿದರು. ಮನೆ ತಲುಪಿ ಒಬ್ಬರು ಕಾಲು ತೊಳೆಯುವಾಗ ಇನ್ನೊಬ್ಬರು ಬಚ್ಚಲಿನ ಹೊರಗೆ ಕಾದರು, ಎಂದಿನ ಹಾಗೆ. ನನಗೆ ಅಳು ಬಂತು. ಡೈರಿ ತೆಗೆದು, ಅಪ್ಪ, ದೊಡ್ಡಪ್ಪ ಎಂಬ ಎರಡು ಕಂಬಗಳನ್ನು ನೋಡಿ, ದೊಡ್ಡಪ್ಪ ವೇದಿಕೆಯಲ್ಲಿ ಆಡಿದ ಆ ಮಾತನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮುಚ್ಚಿಟ್ಟೆ.

ಮರುದಿನ ಬೆಳಗ್ಗೆ ಮಣೆಗಳು ವ್ಯಾನಿನಿಂದ ಇಳಿದು ಪುನಃ ಅಡುಗೆಕೋಣೆಗೆ ಬಂದಿದ್ದವು. ಒಂದರ ಮೂಲೆಗೆ ನಾಟಕದ ನೀಲಿ ಬಣ್ಣ ಹತ್ತಿತ್ತು. ನಾನು ನಡುವೆ ಕೂತೆ. ದೊಡ್ಡಮ್ಮ ಮೂವರ ತಟ್ಟೆಗೂ ದೋಸೆ ಹಾಕಿ ಕಾವಲಿಗೆ ಮತ್ತೆ ಹಿಟ್ಟು ಹೊಯ್ದಳು. ದೊಡ್ಡಪ್ಪ ಚಹಾದ ಲೋಟ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

“ಚೈತ್ರಾ, ನಿನ್ನ ಅಪ್ಪನ ಹತ್ರ ಕೇಳು, ನಿನ್ನೆ ಆ ಎರಡನೇ ಸಾಲಿಗೆ ಯಾರ ಹತ್ರ ಕೇಳಿ ಮೇಲೆ ಹತ್ತಿದ್ದು ಅಂತ.”

ನಾನು ದೋಸೆ ಬಿಟ್ಟು ಅಪ್ಪನ ಕಡೆಗೆ ತಿರುಗಿ ಬಾಯಿ ತೆರೆದೆ. ಅಪ್ಪ ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿನಿಂದ ಆಚೆಗೆ ನೋಡಿದರು.

“ನೀನು ಯಾರ ಹತ್ರ ಕೇಳಿ ಕೆಳಗೆ ಇಳಿದದ್ದು ಅಣ್ಣ?”

ನಾಟಕದ ಸಾಲು ಬಿಟ್ಟರೆ ಅಣ್ಣ ಎಂದು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಾವಲಿಯ ಮೇಲೆ ದೋಸೆ ಮಾಡುತ್ತಿದ್ದ ದೊಡ್ಡಮ್ಮನ ಸಟ್ಟುಗ ಮೇಲೆಯೇ ನಿಂತಿತು.

“ನೀನು ಅಲ್ಲಿ ಕೆಳಗೆ ಬಿದ್ದಿದ್ದಿ, ಎತ್ತಬೇಡ್ವಾ ಮತ್ತೆ?”

“ಎತ್ತುವವರು ಮೊದಲೇ ಹೇಳ್ಬೇಕು, ನಾನು ಎತ್ತರದಲ್ಲಿ ಹಾಡ್ತೇನೆ ಅಂತ. ನನ್ನ ಗಂಟಲು ಆ ಶ್ರುತಿಗೆ ಹೋಗುದಿಲ್ಲ ಅಂತ ನಿನಗೆ ಗೊತ್ತಿಲ್ವಾ?”

“ಹೋಗ್ತಿತ್ತು. ಬಿಟ್ಟದ್ದು ನೀನು. ಆ ಪೆಟ್ಟಿಗೆ ಅಟ್ಟದಿಂದ ಇಳಿಸು, ತೋರಿಸ್ತೇನೆ ಎಲ್ಲಿಯವರೆಗೆ ಹೋಗ್ತಿತ್ತು ಅಂತ.”

“ಅದರ ತಿದಿ ಹರಿದಿದೆ.”

“ಹರಿದದ್ದು ನನಗೆ ಗೊತ್ತಿಲ್ವಾ? ನೀನು ಪಂಪು ರಿಪೇರಿ ಮಾಡುವವ. ಗಾಳಿ ನಿಲ್ಲಿಸ್ಲಿಕ್ಕೆ ಬರುದಿಲ್ವಾ ನಿನಗೆ?”

ಅಪ್ಪ ಕೈಯಲ್ಲಿ ಚಟ್ನಿ ಇರುವಾಗಲೇ ಎದ್ದರು. “ನೀನು ಸ್ವಲ್ಪ ಆಚೆ ಕೂತ್ಕೊ ಮಗಾ, ಅಡ್ಡ ಆಗ್ತದೆ” ಎಂದು ನನಗೆ ಹೇಳಿ, ದೊಡ್ಡಪ್ಪನೊಟ್ಟಿಗೆ ಏಣಿ ತರಲು ಹೋದರು. ಚಾವಡಿಯಿಂದ ಇಬ್ಬರ ಧ್ವನಿಯೂ ಏರುತ್ತ ಬಂತು. ಏಣಿ ಎಲ್ಲಿ ಇಡುವುದೆಂದು ಜಗಳ, ಯಾರು ಹತ್ತುವುದೆಂದು ಜಗಳ. ಅಷ್ಟು ವರ್ಷ ಆಡದೆ ಉಳಿದದ್ದೆಲ್ಲ ಅದರಲ್ಲಿ ಇತ್ತು. ವಾರ ಕಳೆದು ದೊಡ್ಡಪ್ಪ ಸುಳ್ಯಕ್ಕೆ ಹೋಗಿಯೇ ಹೋದರು. ಹೋದ ಮೇಲೂ ಆ ಜಗಳ ಫೋನಿನಲ್ಲಿ ನಡೆಯುತ್ತಿತ್ತು, ಈಗಲೂ ನಡೆಯುತ್ತದೆ. ಆದರೆ ಅವತ್ತು ಬೆಳಗ್ಗೆ ಅಮ್ಮ ಮತ್ತು ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಕಾವಲಿಯ ದೋಸೆ ಸೀಯುತ್ತಿರುವುದು ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ನನ್ನ ಮಣೆಯನ್ನು ಗೋಡೆಯ ಬದಿಗೆ ಸರಿಸಿದೆ. ಯಾರಿಗೂ ಹೇಳಬೇಕಾದದ್ದು ಏನೂ ನನ್ನಲ್ಲಿ ಇರಲಿಲ್ಲ. ತಟ್ಟೆಯ ದೋಸೆಯಿಂದ ಇನ್ನೂ ಹಬೆ ಏಳುತ್ತಿತ್ತು. ಬಿಸಿಯಿರುವಾಗಲೇ ತಿಂದೆ.